ಸ್ಮಶಾನವನ್ನು ಕೊನೆಗಿಟ್ಟ ದಿನ

ನಾವು ಮೂವರೂ ಹಡಗಿನಲ್ಲಿ ದುಡಿದವರು. ನಾನು ಬೋಸನ್ ಆಗಿದ್ದೆ, ಎಂದರೆ ಡೆಕ್ಕಿನ ಖಲಾಸಿಗಳ ಮೇಸ್ತ್ರಿ. ಎರಡನೆಯವನು ಇಂಜಿನು ಕೋಣೆಯಲ್ಲಿ ಆಯಿಲರ್. ಯಂತ್ರಗಳಿಗೆ ಎಣ್ಣೆ ಹಾಕಿ, ಅವುಗಳ ಬಿಸಿ ನೋಡಿಕೊಂಡು ನಿಲ್ಲುವ ಕೆಲಸ. ಮೂರನೆಯವನು ಚೀಫ್ ಕುಕ್. ಹಡಗಿನಲ್ಲಿ ಹುದ್ದೆಯೇ ಹೆಸರು. ನಿವೃತ್ತರಾಗಿ ಊರಿಗೆ ಬಂದ ಮೇಲೂ ನಾವು ಒಬ್ಬರನ್ನೊಬ್ಬರು ಬೋಸ, ಆಯಿಲರ್, ಕುಕ್ಕು ಎಂದೇ ಕರೆದುಕೊಂಡೆವು. ನನ್ನ ಮನೆ ನೆಕ್ರಾಜೆಯಲ್ಲಿ. ಆಯಿಲರ್ ಅಡೂರಿನ ಕಡೆಯವನು. ಕುಕ್ಕು ನಾಯ್ಮಾರ್ಮೂಲೆಯ ಪೇಟೆಯಲ್ಲಿ ಸಣ್ಣ ಹೋಟೆಲು ನಡೆಸುತ್ತಾನೆ. ಪ್ರತಿ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿ ಸೇರುತ್ತಿದ್ದೆವು. ವಾರವನ್ನೂ ಗಂಟೆಯನ್ನೂ ಗೊತ್ತು ಮಾಡಿದವನು ನಾನು. ಹತ್ತೂ ಐದಕ್ಕೆ ಬಂದವನಿಗೆ ಆ ದಿನದ ಚಾ ಸ್ವಂತ ಖರ್ಚಿನದು.

ಹದಿನೇಳನೆಯ ವಯಸ್ಸಿನಲ್ಲಿ ತರಬೇತಿ ಹಡಗಿಗೆ ಸೇರಿದೆ. ಐದಕ್ಕೆ ಸೀಟಿ, ಐದೂಕಾಲಿಗೆ ಡೆಕ್ಕು ತೊಳೆಯಲು ಬರಿಗಾಲಲ್ಲಿ ನಿಲ್ಲಬೇಕು, ಆರಕ್ಕೆ ಹಾಸಿಗೆ ಸುತ್ತಿ ಹಗ್ಗ ಬಿಗಿದಿರಬೇಕು. ತಡವಾದವನನ್ನು ಯಾರೂ ಬೈಯುತ್ತಿರಲಿಲ್ಲ, ಅವನ ತಿಂಡಿಯನ್ನು ಎತ್ತಿಡುತ್ತಿದ್ದರು, ಅಷ್ಟೆ. ಆ ಶಿಸ್ತು ನನ್ನನ್ನು ಮನುಷ್ಯನನ್ನಾಗಿ ಮಾಡಿತು ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಹೇಳುವುದಿಲ್ಲ.

ಆ ಪ್ರವಾಸದ ಸುದ್ದಿ ತಂದವನು ಆಯಿಲರ್. ಅವನ ತಂಗಿಯ ಮಗಳು ಪ್ರಯಾಣಿಕರ ಹಡಗುಗಳ ಒಂದು ಕಂಪೆನಿಯಲ್ಲಿ ಕೆಲಸಕ್ಕಿದ್ದಳು. ಕೋಣೆಗಳು ಖಾಲಿ ಉಳಿದಾಗ ನೌಕರರ ಕಡೆಯವರಿಗೆ ರಿಯಾಯಿತಿ ದರದಲ್ಲಿ ಕೊಡುತ್ತಾರಂತೆ. ಅವಳು ಬೇರೆ ಹಡಗಿನಲ್ಲಿದ್ದಳು. ನಮಗೆ ಸಿಕ್ಕಿದ ಹಡಗು ಅಮೆರಿಕದ ದಕ್ಷಿಣ ತುದಿಯ ಬಂದರಿನಿಂದ ಹೊರಟು, ಕೆರಿಬಿಯನ್ ಸಮುದ್ರದ ನಾಲ್ಕು ದ್ವೀಪಗಳನ್ನು ಮುಟ್ಟಿ ಬರುವಂಥದ್ದು. ಆ ಸಮುದ್ರ ನಮಗೆ ಹೊಸತಲ್ಲ. ಮೂವರೂ ಬೇರೆ ಬೇರೆ ಹಡಗುಗಳಲ್ಲಿ ಎಷ್ಟೋ ಸಲ ಹೋಗಿದ್ದೆವು. ಆದರೆ ದ್ವೀಪ ಎಂದರೆ ನಮಗೆ ಕ್ರೇನು, ಗೋದಾಮು, ಟೆಲಿಫೋನ್ ಬೂತು. ಅದರ ಹಿಂದಿನ ಗುಡ್ಡಗಳನ್ನು ಡೆಕ್ಕಿನ ಮೇಲಿಂದ ನೋಡಿದ್ದಷ್ಟೆ.

ಕುಕ್ಕು ಕನ್ನಡಕ ಹಾಕಿಕೊಂಡು ಬಂದರುಗಳ ಪಟ್ಟಿ ಓದಿದ. ಮೊದಲ ದ್ವೀಪದ ಹೆಸರಿಗೇ ನಿಲ್ಲಿಸಿ ಆಯಿಲರನ ಮುಖ ನೋಡಿದ.

"ಹೌದು," ಎಂದ ಆಯಿಲರ್. "ಅದೇ ಊರು. ಅದಕ್ಕೇ ನಾನು ಹೋಗುದು. ನೀವು ಬೇಕಾದರೆ ಜತೆಗೆ ಬನ್ನಿ."

ಅವನ ಅಣ್ಣ ಆ ದ್ವೀಪದಲ್ಲಿ ಸತ್ತಿದ್ದ. ಅವನೂ ಖಲಾಸಿ. ಮೂವತ್ತು ವರ್ಷಕ್ಕೂ ಹಿಂದೆ ಸರಕು ಇಳಿಸುವಾಗ ಹಡಗಿನ ಹೊಟ್ಟೆಯೊಳಗಿನ ಏಣಿಯಿಂದ ಬಿದ್ದು ಹೋದ. ಹೆಣವನ್ನು ಊರಿಗೆ ಕಳಿಸುವ ಏರ್ಪಾಡು ಆಗಲಿಲ್ಲ. ಹಡಗಿಗೆ ಮುಂದಿನ ಬಂದರಿನ ದಿನ ಗೊತ್ತಾಗಿತ್ತು, ಮರುದಿನ ಅದು ಹೊರಟುಹೋಯಿತು. ಮಣ್ಣು ಮಾಡಿದ್ದು ಬಂದರಿನ ಏಜೆಂಟು. ಮನೆಗೆ ಬಂದದ್ದು ಒಂದು ಟ್ರಂಕು, ಒಂದು ಕಾಗದ, ನಂಬರು ಬರೆದ ಮರದ ಗೂಟ ನೆಟ್ಟಿದ್ದ ಮಣ್ಣಿನ ದಿಬ್ಬದ ಒಂದು ಫೋಟೋ.

ಅವರ ಮನೆಯಲ್ಲಿ ಒಂದು ಕ್ರಮ ಉಂಟು. ಪರ ಊರಿನಲ್ಲಿ ಸತ್ತವನನ್ನು ಕರೆದು ತರಬೇಕು. ಮನೆಯವರೊಬ್ಬರು ಆ ಜಾಗಕ್ಕೇ ಹೋಗಿ, ಮನೆಯ ಮಾತಿನಲ್ಲಿ ಹೆಸರು ಹಿಡಿದು ಕರೆದು, ಅಲ್ಲಿಂದ ಒಂದು ಹಿಡಿ ಮಣ್ಣು ತಂದು ಅಂಗಳದ ಮಣ್ಣಿಗೆ ಸೇರಿಸಬೇಕು. ಅದಾಗುವ ತನಕ ಅವನು ಹಿರಿಯರ ಸಾಲಿಗೆ ಸೇರುವುದಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆಲ್ಲ ಎಲೆ ಹಾಕಿ ಬಡಿಸುವಾಗ ಒಳಗಿನ ಸಾಲಿನಲ್ಲಿ ಅವನಿಗೆ ಎಲೆಯಿಲ್ಲ. ಆಯಿಲರನ ಅಮ್ಮ ಅಷ್ಟು ವರ್ಷವೂ ಹಿರಿಮಗನ ಎಲೆಯನ್ನು ಅಂಗಳದ ಮೂಲೆಯಲ್ಲಿ ತಾವೇ ಹಾಕಿ, ತಾವೇ ಬಡಿಸಿ, ಒಳಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದರು. ಇದಕ್ಕೆ ಬದಲಿ ವಿಧಿ ಉಂಟು, ದರ್ಭೆಯಲ್ಲಿ ಹೆಣ ಮಾಡಿ ಸುಡಬಹುದು ಎಂದು ಹೇಳಿದವರಿದ್ದರು. ಅಮ್ಮ ಒಪ್ಪಲಿಲ್ಲ. "ಹುಲ್ಲನ್ನು ಮಗಾ ಅಂತ ಕರೀಲಿಕ್ಕೆ ನನ್ನಿಂದ ಆಗುದಿಲ್ಲ," ಎಂದರಂತೆ. ಅವರಿಗೆ ಈಗ ತೊಂಬತ್ತು ಹತ್ತಿರ. ಆಯಿಲರನ ಯಾವ ಹಡಗೂ ಆ ದ್ವೀಪಕ್ಕೆ ಹೋಗಿರಲಿಲ್ಲ, ಅವನಿಗೆ ಇದು ಮೊದಲ ಅವಕಾಶ. ಕೊನೆಯದೂ ಹೌದೆಂದು ನಮಗೆ ಮೂವರಿಗೂ ಗೊತ್ತಿತ್ತು.

ಹೊರಡುವ ಮೊದಲು ನಾನು ಒಂದು ಕಾಗದದಲ್ಲಿ ದಿನಚರಿ ಬರೆದೆ. ಆ ದ್ವೀಪದಲ್ಲಿ ಹಡಗು ಒಂದು ಹಗಲು ನಿಲ್ಲುತ್ತಿತ್ತು. ಸ್ಮಶಾನ ಇದ್ದದ್ದು ದ್ವೀಪದ ಆಚೆ ಬದಿಯ ಹಳೆಯ ಬಂದರಿನ ಹತ್ತಿರ, ಪ್ರಯಾಣಿಕರ ಹಡಗು ನಿಲ್ಲುವ ಕಟ್ಟೆಯಿಂದ ವ್ಯಾನಿನಲ್ಲಿ ಒಂದು ಗಂಟೆ ದಾರಿ. ಬೆಳಿಗ್ಗೆ ಕೋಟೆ, ಆಮೇಲೆ ಪೇಟೆ, ಜಲಪಾತ, ಊಟ, ಕೊನೆಗೆ ಸ್ಮಶಾನ, ಅಲ್ಲಿಂದ ನೇರ ಹಡಗಿಗೆ ಎಂದು ಬರೆದೆ.

ಆಯಿಲರ್ ಕಾಗದ ನೋಡಿ, "ಮೊದಲು ಅಲ್ಲಿಗೆ ಹೋಗುವ ಅಂತ," ಎಂದ.

"ಮೊದಲು ಹೋದರೆ ಸ್ನಾನ ಎಲ್ಲಿ ಮಾಡುದು?" ಎಂದೆ. "ಸ್ಮಶಾನ ಮೆಟ್ಟಿ ಬಂದ ಮೇಲೆ ಮೀಯದೆ ಊಟ ಮಾಡ್ಲಿಕ್ಕುಂಟಾ? ಕೊನೆಗೆ ಹೋದರೆ ಹಡಗಿಗೆ ಬಂದು ನೇರ ಬಾತ್‌ರೂಮಿಗೆ ಹೊಕ್ಕಬಹುದು."

"ಒಂದು ದಿನ ಊಟ ಬಿಟ್ಟರೆ ಆಗುದಿಲ್ವಾ?"

ಕುಕ್ಕು ನಡುವೆ ಬಾಯಿ ಹಾಕಿದ. "ನೀನು ಬಿಡು. ನಾನು ಅಲ್ಲಿಯ ಮೀನು ತಿನ್ನದೆ ಬರುವವ ಅಲ್ಲ."

ಆಯಿಲರ್ ಮತ್ತೆ ಮಾತಾಡಲಿಲ್ಲ. ನಾನು ಹೇಳಿದ್ದು ಅವನಿಗೂ ಸರಿಯೆನಿಸಿತು ಎಂದುಕೊಂಡೆ. ನಾನು ಗಟ್ಟಿಯಾಗಿ ಹೇಳಿದ್ದನ್ನು ಅವನು ಯಾವತ್ತೂ ಎರಡು ಸಲ ಎದುರು ಹೇಳಿದವನಲ್ಲ. ನಾವಿಬ್ಬರೂ ಮೂರು ಹಡಗುಗಳಲ್ಲಿ ಜತೆಗಿದ್ದೆವು. ಬೆಂಕಿಯ ಅಭ್ಯಾಸ, ದೋಣಿ ಇಳಿಸುವ ಅಭ್ಯಾಸ, ಎಲ್ಲದರಲ್ಲೂ ಅವನು ನನ್ನ ತಂಡ. ನನ್ನ ದನಿಗೆ ಅವನ ಕಾಲು ತಾನಾಗಿ ಚಲಿಸುತ್ತಿತ್ತು.

ಹಡಗು ಹತ್ತಿದೆವು. ಅದು ಹಡಗೇ ಅಲ್ಲ, ನೀರಿನ ಮೇಲೆ ನಿಲ್ಲಿಸಿದ ಹೋಟೆಲು. ಎಲ್ಲೆಡೆ ಕಂಬಳಿಯಂಥ ನೆಲ, ಎಲ್ಲೆಡೆ ಹಾಡು. ಹಗ್ಗ ಬಿಚ್ಚುವಾಗ ಕಂಬಿಗೆ ಒರಗಿ ಕೆಳಗಿನ ಹುಡುಗರ ಕೆಲಸ ನೋಡುತ್ತ ನಿಂತಿದ್ದೆ. ಒಂದು ಹಗ್ಗವನ್ನು ಅವರು ಸುತ್ತಿಟ್ಟ ರೀತಿ ತಪ್ಪಾಗಿತ್ತು. ಅಲ್ಲಿಯ ಬೋಸನ್ ತಲೆ ಎತ್ತಿ ನನ್ನನ್ನು ನೋಡಿ, ಮುದುಕರಿಗೆ ಬೀಸುವ ಹಾಗೆ ಕೈ ಬೀಸಿದ. ನಾನು ಒಳಗೆ ಬಂದೆ.

ಎರಡು ದಿನ ಪೂರ್ವಕ್ಕೆ ಹೋದೆವು. ದ್ವೀಪ ಮುಟ್ಟುವ ಹಿಂದಿನ ಸಂಜೆ ಊಟದ ಮೇಜಿನಲ್ಲಿ ನಾನು ಗಡಿಯಾರದ ವಿಷಯ ಹೇಳುತ್ತಿದ್ದೆ. ಸರಕಿನ ಹಡಗಿನಲ್ಲಿ ಪೂರ್ವಕ್ಕೆ ಹೋದ ಹಾಗೆ ಗಡಿಯಾರವನ್ನು ಮುಂದೆ ತಿರುಗಿಸುತ್ತಾರೆ. ಬಂದರು ಮುಟ್ಟುವಾಗ ಹಡಗಿನ ಗಂಟೆಯೂ ಊರಿನ ಗಂಟೆಯೂ ಒಂದೇ ಆಗಿರುತ್ತದೆ. ಮೂವರೂ ಜೀವಮಾನವಿಡೀ ಹಾಗೆಯೇ ಬದುಕಿದವರು. ಈ ದ್ವೀಪ ಅಮೆರಿಕದ ಆ ಬಂದರಿಗಿಂತ ಒಂದು ಗಂಟೆ ಮುಂದಿನದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. "ಎಲ್ಲರೂ ಒಂದು ಗಂಟೆ ಮುಂದೆ ಇಡಿ," ಎಂದೆ. ಅಷ್ಟರಲ್ಲಿ ಮೇಲಿನ ಸ್ಪೀಕರಿನಲ್ಲಿ ಕ್ಯಾಪ್ಟನ್ ಏನೋ ಹೇಳತೊಡಗಿದರು. ಆಯಿಲರ್ ಕೈ ಎತ್ತಿ, "ಎಂತದೋ ಹೇಳ್ತಿದ್ದಾರೆ, ಕೇಳುವ," ಎಂದ.

"ಎಂತ ಇರ್ತದೆ? ನಾಳೆ ಬಿಸಿಲುಂಟು, ಟೊಪ್ಪಿ ಹಾಕಿ ಅಂತ," ಎಂದೆ. ಕುಕ್ಕು ನಕ್ಕ. ಮೂವರೂ ಕೈಗಡಿಯಾರದ ಮುಳ್ಳು ತಿರುಗಿಸಿದೆವು. ಮೊಬೈಲುಗಳನ್ನು ಸಮುದ್ರದ ಮೇಲೆ ಖರ್ಚು ಬರುತ್ತದೆಂದು ನಾನೇ ಮೊದಲ ದಿನ ಬಂದ್ ಮಾಡಿಸಿ ಸೂಟ್‌ಕೇಸಿನಲ್ಲಿ ಇಡಿಸಿದ್ದೆ.

ಪ್ರತಿದಿನ ಬಾಗಿಲ ಕೆಳಗೆ ಒಂದು ಅಚ್ಚಿನ ಹಾಳೆ ತೂರಿಸುತ್ತಿದ್ದರು. ಆ ಬೆಳಗಿನ ಹಾಳೆಯಲ್ಲಿ ನಾನು ಎರಡು ಸಾಲು ಹುಡುಕಿ ಓದಿದೆ. ಎಂಟಕ್ಕೆ ಇಳಿಯಬಹುದು. ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು. ಉಳಿದದ್ದೆಲ್ಲ ಬಣ್ಣದ ಜಾಹೀರಾತು.

ಎಂಟಕ್ಕೆ ಮೆಟ್ಟಿಲ ಬಳಿ ನಿಂತೆವು. ಬಾಗಿಲು ತೆರೆದದ್ದು ನನ್ನ ಗಡಿಯಾರದಲ್ಲಿ ಒಂಬತ್ತಕ್ಕೆ. ಒಂದು ಗಂಟೆ ನಿಂತು ನಿಂತು ನಾನು ಕುದಿದುಹೋಗಿದ್ದೆ.

"ನೋಡು ಇವರ ಶಿಸ್ತು," ಎಂದೆ. "ಎಂಟು ಅಂತ ಅಚ್ಚು ಹಾಕ್ತಾರೆ, ಒಂಬತ್ತಕ್ಕೆ ಬಾಗಿಲು ತೆಗೀತಾರೆ."

ಕುಕ್ಕು, "ನಿನ್ನನ್ನು ಇಲ್ಲಿ ಬೋಸ ಮಾಡಿದ್ರೆ ಈ ಪ್ಯಾಸೆಂಜರುಗಳೆಲ್ಲ ಐದಕ್ಕೆ ಎದ್ದು ಡೆಕ್ಕು ತೊಳೀತಿದ್ದರು," ಎಂದ. ಹಿಂದೆ ನಿಂತ ಯಾರಿಗೂ ಅವಸರವಿರಲಿಲ್ಲ. ಅವರೆಲ್ಲ ಆಗಷ್ಟೇ ತಿಂಡಿ ಮುಗಿಸಿ ಬರುತ್ತಿದ್ದರು. ನನ್ನ ಕಣ್ಣೆದುರು ಇದ್ದ ಆ ಒಂದು ಗಂಟೆಯ ಅರ್ಥ ನನಗೆ ಹೊಳೆಯಲಿಲ್ಲ. ಬೇರೆಯವರ ಸೋಮಾರಿತನವೆಂದು ತಿಳಿದು ಒಳಗೊಳಗೇ ಸುಖಪಟ್ಟೆ.

ಕಟ್ಟೆಯ ಹೊರಗೆ ಒಂದು ವ್ಯಾನು ಗೊತ್ತು ಮಾಡಿದೆ. ಡ್ರೈವರು ನಮ್ಮ ಪ್ರಾಯದವನು, ತಲೆ ಪೂರ್ತಿ ಬಿಳಿ, ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ನನ್ನ ಕಾಗದವನ್ನು ಅವನ ಕೈಗೆ ಕೊಟ್ಟೆ. ಅವನು ಓದಿ, ಸ್ಮಶಾನ ಎಂಬಲ್ಲಿ ಬೆರಳಿಟ್ಟು ಯಾರು ಎಂದು ಕೇಳಿದ. ಆಯಿಲರ್, ಅಣ್ಣ ಎಂದ. ಅಲ್ಲಿಗೆ ಮೊದಲು ಹೋಗೋಣವೇ ಎಂದು ಡ್ರೈವರು ಕೇಳಿದ. ಬೇಡ, ಕಾಗದದ ಕ್ರಮದಲ್ಲೇ ಹೋಗು ಎಂದವನು ನಾನು.

ಕೋಟೆ ನೋಡಿದೆವು. ಸಮುದ್ರಕ್ಕೆ ಮುಖ ಮಾಡಿದ ತೋಪುಗಳು, ಕಪ್ಪು ಕಲ್ಲಿನ ಗೋಡೆ. ಕುಕ್ಕು ತೋಪಿನ ಮೇಲೆ ಕೂತು ತನ್ನ ಹಳೆಯ ಕ್ಯಾಮೆರಾದಲ್ಲಿ ಫೋಟೋ ತೆಗೆಸಿಕೊಂಡ. ಬೇಕಲದ ಕೋಟೆ ಇದಕ್ಕಿಂತ ದೊಡ್ಡದು ಎಂದು ಮೂವರೂ ಒಪ್ಪಿದೆವು. ಪೇಟೆಯಲ್ಲಿ ಒಬ್ಬಳು ಕೆಂಡದ ಮೇಲೆ ಇಡಿಯಿಡೀ ಜೀಗುಜ್ಜೆ ಸುಡುತ್ತಿದ್ದಳು. ನಮ್ಮೂರಿನ ಹಿತ್ತಿಲಿನದೇ ಜೀಗುಜ್ಜೆ, ಹಲಸಿನ ಜಾತಿಯ ಬೀಜವಿಲ್ಲದ ಕಾಯಿ. ಕುಕ್ಕು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ.

"ನಾವು ಇಷ್ಟು ವರ್ಷ ಇದನ್ನು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿದು, ಪಲ್ಯ ಮಾಡಿ ಕಷ್ಟಪಟ್ಟದ್ದು ಮಾರಾಯ. ಇವಳು ನೋಡು, ಸಿಪ್ಪೆ ಸಮೇತ ಬೆಂಕಿಗೆ ಹಾಕಿ ಕೂತಿದ್ದಾಳೆ."

ಅದು ಸುಟ್ಟು, ಸುಲಿದು, ಉಪ್ಪು ಬೆಣ್ಣೆ ಹಾಕಿ ಕೈಗೆ ಬರುವಾಗ ಅರ್ಧ ಗಂಟೆ ಕಳೆದಿತ್ತು. ಅದನ್ನು ನಾನು ತಡೆಯಲಿಲ್ಲ. ನನಗೂ ಹಸಿವಾಗಿತ್ತು. ಆಯಿಲರ್ ವ್ಯಾನಿನಿಂದ ಇಳಿಯಲಿಲ್ಲ. ಮಣ್ಣು ತರಲು ಅಮ್ಮ ಕೊಟ್ಟ ಸಣ್ಣ ಸ್ಟೀಲಿನ ಕರಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. ಒಂದು ಚೂರು ಸುಟ್ಟ ಜೀಗುಜ್ಜೆಯನ್ನು ಅವನಿಗೆ ಕೊಂಡುಹೋದೆ. ತೆಗೆದುಕೊಂಡ, ತಿನ್ನಲಿಲ್ಲ.

"ಅಷ್ಟು ದೂರದಿಂದ ಬಂದು ಹೀಗೆ ಕೂತುಕೊಳ್ಳುದಾ? ಇಳಿದು ನೋಡು," ಎಂದೆ.

"ನನಗೆ ನೋಡ್ಲಿಕ್ಕೆ ಬೇರೆ ಉಂಟಲ್ಲ, ಬೋಸ," ಎಂದ.

ಜಲಪಾತದ ಬಳಿ ಜನ ಸಾಲುಗಟ್ಟಿದ್ದರು. ಊಟಕ್ಕೆ ಕೂತ ಜಾಗದಲ್ಲಿ ಮೀನು ಬರಲು ತಡವಾಯಿತು. ಕಾಗದದಲ್ಲಿ ಬರೆದ ಗಂಟೆಗಳು ಒಂದೊಂದಾಗಿ ಜಾರಿದವು. ಬೆಳಿಗ್ಗೆ ಇಳಿದದ್ದೇ ತಡ, ಅದನ್ನು ಎಲ್ಲಿ ಸರಿದೂಗಿಸುವುದು ಎಂದು ಲೆಕ್ಕ ಹಾಕುತ್ತಲೇ ಇದ್ದೆ. ಸಾಲಿನ ಕೊನೆಯಲ್ಲಿ ಇಟ್ಟದ್ದಕ್ಕೇ ಎಲ್ಲ ತಡವೂ ಬಂದು ಬೀಳುತ್ತದೆ. ಮೂವತ್ತೆಂಟು ವರ್ಷ ಹಡಗಿನಲ್ಲಿ ದುಡಿದು, ಜನರಿಗೆ ಕೆಲಸ ಹಂಚಿದ ನನಗೆ ಅದು ತಿಳಿಯದ ಮಾತಲ್ಲ.

ಸ್ಮಶಾನದ ಗೇಟಿಗೆ ತಲಪಿದಾಗ ನನ್ನ ಗಡಿಯಾರದಲ್ಲಿ ಎರಡೂ ಇಪ್ಪತ್ತು. ಹಡಗು ಹೊರಡುವ ಬಂದರಿನಲ್ಲಿ ನನ್ನದೊಂದು ನಿಯಮವಿತ್ತು. ಹೇಳಿದ ಹೊತ್ತಿಗೆ ಒಂದು ಗಂಟೆ ಮೊದಲು ನನ್ನ ತಂಡದ ಕಡೆಯವನೂ ಮೆಟ್ಟಿಲ ಬಳಿ ಇರಬೇಕು. ನಾಲ್ಕೂವರೆಗೆ ಹಡಗಿನಲ್ಲಿರಬೇಕಾದರೆ ಮೂರೂವರೆಗೆ ಕಟ್ಟೆ, ಅದಕ್ಕೆ ಎರಡೂವರೆಗೆ ಇಲ್ಲಿಂದ ಹೊರಡಬೇಕು. "ಹತ್ತು ನಿಮಿಷ ಉಂಟು," ಎಂದೆ.

ಅದು ಗುಡ್ಡದ ಇಳಿಜಾರಿನ ದೊಡ್ಡ ಸ್ಮಶಾನ. ಮುಂದಿನ ಅರ್ಧದಲ್ಲಿ ಬಿಳಿಯ ಶಿಲುಬೆಗಳು. ಹಿಂದಿನ ಅರ್ಧದಲ್ಲಿ ಸೊಂಟದವರೆಗೆ ಹುಲ್ಲು, ನಡುವೆ ಅಲ್ಲಲ್ಲಿ ಸಿಮೆಂಟಿನ ಗಿಡ್ಡ ಕಂಬಗಳು, ಅವುಗಳ ಮೇಲೆ ಅಳಿದುಹೋದ ನಂಬರುಗಳು. ಕಾವಲಿನವನು ಬಂದು ಏಜೆಂಟಿನ ಕಾಗದವನ್ನು ಓದಿದ. ಮರದ ಗೂಟಗಳೆಲ್ಲ ಹೋಗಿ ಆಮೇಲೆ ಕಂಬ ಹಾಕಿದ್ದು, ನಂಬರು ಬದಲಾಗಿದೆ, ಹಳೆಯ ಪುಸ್ತಕ ಆಫೀಸಿನಲ್ಲಿದೆ, ತರುತ್ತೇನೆ, ಸ್ವಲ್ಪ ಕಾಯಿರಿ ಎಂದು ಹೇಳಿ ಕೆಳಗಿನ ಕಟ್ಟಡದ ಕಡೆ ನಡೆದ. ಆಯಿಲರ್ ಕಾಯಲಿಲ್ಲ. ಚಪ್ಪಲಿ ಗೇಟಿನ ಬಳಿ ಬಿಟ್ಟು ಹುಲ್ಲಿನೊಳಗೆ ಹೊಕ್ಕ. ಬಗ್ಗಿ ಬಗ್ಗಿ ಒಂದೊಂದು ಕಂಬವನ್ನೂ ಅಂಗೈಯಲ್ಲಿ ಉಜ್ಜಿ ನೋಡುತ್ತ ಹೋದ. ಅರವತ್ತಾರು ವರ್ಷದವನು, ಮಂಡಿನೋವಿನವನು, ಓಡಿದಂತೆಯೇ ಹೋಗುತ್ತಿದ್ದ.

ಎರಡೂವರೆಗೆ ನಾನು ಕರೆದೆ.

"ಅವ ಪುಸ್ತಕ ತರ್ಲಿ ಮಾರಾಯ. ಅರ್ಧ ಗಂಟೆ," ಎಂದು ಅಲ್ಲಿಂದಲೇ ಕೂಗಿದ.

"ಅರ್ಧ ಗಂಟೆ ಇಲ್ಲ. ಪಾಸ್‌ಪೋರ್ಟು, ವೀಸಾ ಎಲ್ಲ ಹಡಗಿನಲ್ಲುಂಟು. ಬಿಟ್ಟು ಹೋದರೆ ಮೂರು ಜನ ಮುದುಕರು ಇಲ್ಲಿ ಬೇಡುದಾ?"

ನಾವು ಮಾತಾಡಿದ್ದು ತುಳುವಿನಲ್ಲಿ. ಆದರೂ ಡ್ರೈವರಿಗೆ ವಿಷಯ ತಿಳಿಯಿತು. ಅವನು ಕುಕ್ಕಿನ ಬಳಿ ಏನೋ ಹೇಳಿದ. ಕುಕ್ಕು ನನ್ನ ಕಡೆ ತಿರುಗಿ, "ಹಡಗು ಹೋಗುದು ಐದೂವರೆ ನಂತರ ಅಂತೆ. ಬೇಕಾದಷ್ಟು ಹೊತ್ತುಂಟು, ನಿಧಾನಕ್ಕೆ ನೋಡಲಿ ಅಂತಾನೆ," ಎಂದ.

"ಪೇಪರಿನಲ್ಲಿ ನಾಲ್ಕೂವರೆ ಅಂತ ಅಚ್ಚಾಗಿ ಉಂಟು. ಇವನಿಗೆ ಬಾಡಿಗೆ ಏರಬೇಕು, ಅದಕ್ಕೆ ಹೇಳ್ತಾನೆ. ಎಷ್ಟು ಬಂದರು ನೋಡಿದ್ದೇವೆ ನಾವು?"

ಆಮೇಲೆ ನಾನು ಆಯಿಲರನ ಕಡೆ ತಿರುಗಿ ಡೆಕ್ಕಿನ ದನಿಯಲ್ಲಿ ಕರೆದೆ. ಅದು ಮನೆಯಲ್ಲಿ, ಪೇಟೆಯಲ್ಲಿ ತೆಗೆಯುವ ದನಿಯಲ್ಲ. ಗಾಳಿಮಳೆಯಲ್ಲಿ ಹಡಗಿನ ಮೂತಿಯಿಂದ ಬಾಲಕ್ಕೆ ಕೇಳಬೇಕಾದದ್ದು. ಅವನು ನೆಟ್ಟಗೆ ನಿಂತ. ಒಂದು ಕ್ಷಣ ಹುಲ್ಲನ್ನು ನೋಡಿದ. ನಡೆದು ಬಂದು, ಚಪ್ಪಲಿ ಮೆಟ್ಟಿ, ವ್ಯಾನು ಹತ್ತಿದ. ಎಲ್ಲಿ ಮಲಗಿದ್ದಾನೆಂದು ತಿಳಿಯದೆ ಅವನು ಅಣ್ಣನನ್ನು ಕರೆಯಲೂ ಇಲ್ಲ, ಮಣ್ಣು ತೆಗೆಯಲೂ ಇಲ್ಲ. ನಾನು ಬಾಗಿಲು ಎಳೆದುಕೊಂಡೆ.

ವ್ಯಾನು ತಿರುವು ತೆಗೆದುಕೊಳ್ಳುವಾಗ ಹಿಂದೆ ಕೂತಿದ್ದ ಕುಕ್ಕು ಹೇಳಿದ, "ಅವ ಪುಸ್ತಕ ಹಿಡ್ಕೊಂಡು ಬರ್ತಿದ್ದಾನೆ. ಕೈ ತೋರಿಸ್ತಾ ಇದ್ದಾನೆ."

"ಹೋಗುವ," ಎಂದೆ.

ಆ ಒಂದು ಗಂಟೆಯ ದಾರಿಯುದ್ದಕ್ಕೂ ನಾನು ಗಡಿಯಾರ ನೋಡುತ್ತಿದ್ದೆ. ಮೂರೂ ಮೂವತ್ತೈದಕ್ಕೆ ಕಟ್ಟೆಗೆ ಬಂದೆವು. ಐದು ನಿಮಿಷ ತಡ, ಪರವಾಗಿಲ್ಲ ಎಂದುಕೊಂಡೆ. ಡ್ರೈವರು ಬಾಡಿಗೆ ತೆಗೆದುಕೊಂಡು, ಆಯಿಲರನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ, ನನ್ನನ್ನು ನೋಡದೆ ಹೋದ.

ಹಡಗಿನ ಮೆಟ್ಟಿಲ ಬಳಿ ಯಾರೂ ಇರಲಿಲ್ಲ. ಕಾವಲಿನ ಹುಡುಗ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಪಕ್ಕದಲ್ಲಿ ಒಂದು ಹಲಗೆ. ನಾಲ್ಕೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು ಎಂದಿತ್ತು. ಹಲಗೆಯ ಮೇಲೊಂದು ಗಡಿಯಾರ. ಅದರಲ್ಲಿ ಎರಡೂ ಮೂವತ್ತೈದು.

ಗಡಿಯಾರ ನಿಂತಿದೆ ಎಂದುಕೊಂಡೆ. ಸೆಕೆಂಡಿನ ಮುಳ್ಳು ಓಡುತ್ತಿತ್ತು. ಜೇಬಿನಿಂದ ಬೆಳಗಿನ ಹಾಳೆ ತೆಗೆದು ಮೊದಲ ಸಾಲಿನಿಂದ ಓದಿದೆ. ನಮ್ಮ ಹಡಗು ಪ್ರಯಾಣದುದ್ದಕ್ಕೂ ಹೊರಟ ಬಂದರಿನ ಸಮಯವನ್ನೇ ಪಾಲಿಸುತ್ತದೆ, ದಯವಿಟ್ಟು ನಿಮ್ಮ ಗಡಿಯಾರವನ್ನು ಬದಲಿಸಬೇಡಿ ಎಂದು ಅಲ್ಲಿ ದಪ್ಪಕ್ಷರದಲ್ಲಿತ್ತು. ಹಿಂದಿನ ಸಂಜೆ ಕ್ಯಾಪ್ಟನ್ ಹೇಳಿದ್ದೂ ಅದನ್ನೇ. ಪ್ರಯಾಣಿಕರು ಗೊಂದಲಪಡಬಾರದೆಂದು ಅವರು ಗಡಿಯಾರವನ್ನು ಮುಟ್ಟುವುದಿಲ್ಲ. ಗೊಂದಲಪಟ್ಟವರು ಎರಡು ಸಾವಿರ ಜನರಲ್ಲಿ ನಾವು ಮೂವರೇ, ಏಕೆಂದರೆ ನಾವು ಮಾತ್ರ ಹಡಗು ಬಲ್ಲವರು.

ಹಡಗಿನ ನಾಲ್ಕೂವರೆ ಎಂದರೆ ದ್ವೀಪದ ಐದೂವರೆ. ಡ್ರೈವರು ಹೇಳಿದ್ದು ಸರಿಯಾಗಿತ್ತು. ಗಡಿಯಾರದ ಒಂದು ಗಂಟೆ, ನನ್ನ ನಿಯಮದ ಒಂದು ಗಂಟೆ; ಒಟ್ಟು ಎರಡು ಗಂಟೆ ಅವನು ಆ ಹುಲ್ಲಿನಲ್ಲಿ ಹುಡುಕಬಹುದಿತ್ತು. ಈಗ ಎರಡು ಗಂಟೆಗೆ ಐದು ನಿಮಿಷ ಕಡಿಮೆ ಉಳಿದಿತ್ತು. ಹೋಗಲು ಒಂದು, ಬರಲು ಒಂದು.

ನಾನು ಇದನ್ನೆಲ್ಲ ಗಟ್ಟಿಯಾಗಿ ಹೇಳಿದೆ. ಹೇಳದೆ ಉಪಾಯವಿರಲಿಲ್ಲ, ಕುಕ್ಕು ಆಗಲೇ ಗಡಿಯಾರ ನೋಡಿಯಾಗಿತ್ತು. ಅವನು ಟೊಪ್ಪಿ ತೆಗೆದು, "ಅಯ್ಯೋ ಬೋಸ," ಎಂದಷ್ಟೇ ಅಂದ.

ಆಯಿಲರ್ ಕಟ್ಟೆಯ ಅಂಚಿನ ಕಬ್ಬಿಣದ ಗೂಟದ ಮೇಲೆ ಕೂತ. ಹಗ್ಗ ಕಟ್ಟುವ ಗೂಟ. ಅದರ ಮೇಲೆ ಕೂರಬಾರದೆಂದು ನಾನು ನೂರು ಹುಡುಗರನ್ನು ಎಬ್ಬಿಸಿದ್ದೇನೆ. ಹತ್ತಿರ ಹೋಗಿ ನಿಂತೆ. ಏನಾದರೂ ಮಾಡಬೇಕು, ಮಾಡಿ ಮುಗಿಸಬೇಕು ಎಂಬುದೊಂದೇ ನನಗೆ ಗೊತ್ತಿರುವ ದಾರಿ. ಕಟ್ಟೆಯ ಹೊರಗೆ ಹೂವಿನ ಗಿಡಗಳ ಪಾತಿಯಿತ್ತು.

"ಅಲ್ಲಿಂದ ಒಂದು ಹಿಡಿ ತೆಗೆದುಕೋ," ಎಂದೆ. "ಇದೇ ದ್ವೀಪದ ಮಣ್ಣಲ್ವಾ? ಅಮ್ಮನಿಗೆ ಹೇಗೆ ಗೊತ್ತಾಗ್ತದೆ?"

ಈ ಮಾತನ್ನು ಬರೆಯದೆ ಬಿಡಬಹುದಿತ್ತು. ಆಡಿದ್ದು ನಾನು, ಬರೆಯುತ್ತಿದ್ದೇನೆ.

ಅವನು ಸಿಟ್ಟಾಗಲಿಲ್ಲ. ನೀರು ನೋಡುತ್ತ, "ಅಂದು ಹಡಗು ಕಾಯಲಿಲ್ಲ," ಎಂದ. "ಇವತ್ತು ಹಡಗು ನಿಂತೇ ಉಂಟು. ನೀನು ಕಾಯಲಿಲ್ಲ."

ಉಳಿದ ಮೂರು ದ್ವೀಪಗಳಲ್ಲಿ ಅವನು ಇಳಿಯಲಿಲ್ಲ. ಕುಕ್ಕು ಒಬ್ಬನೇ ಹೋಗಿ ಬಂದ. ನಾನು ಕೋಣೆಯಲ್ಲಿ ಕೂತು ಬಟ್ಟೆ ಮಡಿಸಿದೆ, ಬಿಚ್ಚಿ ಮತ್ತೆ ಮಡಿಸಿದೆ.

ಊರಿಗೆ ಬಂದ ಮೇಲೆ ಆಯಿಲರ್ ಅಮ್ಮನಿಗೆ ಹೇಳಿದ್ದು ಏನೆಂದು ಕುಕ್ಕಿನಿಂದ ತಿಳಿಯಿತು. ಸ್ಮಶಾನಕ್ಕೆ ಬೀಗ ಹಾಕಿತ್ತು, ಕಾವಲಿನವನು ಎಷ್ಟು ಬೇಡಿದರೂ ತೆರೆಯಲಿಲ್ಲ. ಇಷ್ಟೇ. ನನ್ನ ಗಡಿಯಾರದ ಸುದ್ದಿಯನ್ನು ಅವನು ತೆಗೆಯಲಿಲ್ಲ. ಪುಸ್ತಕ ಹಿಡಿದು ಓಡಿಬಂದ ಆ ಒಳ್ಳೆಯ ಮನುಷ್ಯ ಅವರ ಮನೆಯಲ್ಲಿ ದುಷ್ಟನಾದ. ಗುರುವಾರದ ಹತ್ತು ಗಂಟೆಗೆ ಆಯಿಲರ್ ಬರುವುದನ್ನು ನಿಲ್ಲಿಸಿದ. ಮೊಣಕಾಲು ನೋವು ಎಂದು ಕುಕ್ಕಿನ ಮೂಲಕ ಹೇಳಿಸಿದ. ಮತ್ತೊಮ್ಮೆ ಹೋಗುವ ದಾರಿ ಇದೆಯೇ ಎಂದು ನಾನು ವಿಚಾರಿಸಿದೆ. ತಂಗಿಯ ಮಗಳು ಆ ಕೆಲಸ ಬಿಟ್ಟಿದ್ದಳು. ಅಲ್ಲಿಯ ಸ್ಮಶಾನಕ್ಕೆ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ.

ಆಟಿ ಬಂತು. ಪ್ರತಿ ವರ್ಷ ಅವರ ಮನೆಯ ಬಡಿಸುವ ದಿನಕ್ಕೆ ನಮಗಿಬ್ಬರಿಗೂ ಊಟದ ಹೇಳಿಕೆಯಿರುತ್ತಿತ್ತು. ಈ ಸಲ ಕುಕ್ಕಿಗೆ ಮಾತ್ರ ಬಂತು. ಮರುದಿನ ಅವನು ಹೇಳಿದ, "ನಿನ್ನ ಹೆಸರು ಯಾರೂ ಎತ್ತಲಿಲ್ಲ. ಅಮ್ಮ ಈ ಸಲವೂ ಮಳೆಯಲ್ಲಿ ಹೊರಗೆ ಹೋಗಿ ಬಡಿಸಿದರು. ಕಾಲು ಬರುದಿಲ್ಲ, ನಾನು ಕೊಡೆ ಹಿಡಿದೆ."

ನಾನು ಅದನ್ನು ಕೇಳಿ ಸುಮ್ಮನಿರಬಹುದಿತ್ತು. ಇರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಅಡೂರಿಗೆ ಹೋದೆ. ಆಯಿಲರ್ ತೋಟದ ಕಡೆ ಹೋಗಿದ್ದ. ಅಮ್ಮ ಚಾವಡಿಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ನಾನು ಎದುರು ನೆಲದ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಾಗದ, ಕೋಟೆ, ಊಟ, ಗಡಿಯಾರ, ಹೂವಿನ ಪಾತಿ. ಏನನ್ನೂ ಬಿಡಲಿಲ್ಲ. ಅವರು ನಡುವೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಅಲ್ಲಿಗೆ ಕಡೆಗೆ ಹೋದದ್ದು ಯಾಕೆ ಮಗಾ?"

"ಮೀಯದೆ ಊಟ ಮಾಡುವ ಹಾಗಿಲ್ಲವಲ್ಲ ಅಮ್ಮ, ಅದಕ್ಕೆ."

ಅವರು ಚಾಚಿದ ಕಾಲು ಎಳೆದುಕೊಂಡರು. "ಅವ ನನ್ನ ಮಗ," ಎಂದರು. "ಅವನ ಹತ್ತಿರ ಹೋಗ್ಲಿಕ್ಕೆ ಎಂತ ಮೈಲಿಗೆ?"

ಆಮೇಲೆ ಒಳಗಿನವರನ್ನು ಕರೆದು ನನಗೆ ಚಾ ಕೊಡಲು ಹೇಳಿ ಮುಖ ಆಚೆ ತಿರುಗಿಸಿದರು. ಚಾ ಬಂತು. ಕುಡಿದೆ. ಹೊರಟು ಅಂಗಳ ದಾಟುವಾಗ ಆಯಿಲರ್ ತೋಟದಿಂದ ಬಂದ. ಚಾವಡಿಯನ್ನೂ ನನ್ನನ್ನೂ ನೋಡಿದ. ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ. ನನ್ನ ಜತೆ ರಸ್ತೆಯ ತನಕ ಬಂದ.

"ಹೇಳಿದೆಯಾ ಎಲ್ಲ?"

"ಹೇಳಿದೆ. ಸುಳ್ಳು ನಿನ್ನ ತಲೆಯ ಮೇಲೆ ಇರಬಾರದು ಅಂತ."

"ನನ್ನ ತಲೆಗೆ ಅದು ಭಾರ ಇರಲಿಲ್ಲ," ಎಂದ. "ಅಮ್ಮ ಯಾವನೋ ಬೀಗದವನಿಗೆ ದಿನಾ ಎರಡು ಬೈದು, ಮಲಗ್ತಿದ್ದರು. ಕಣ್ಣಿಗೆ ಕಾಣದವನನ್ನು ಬೈಲಿಕ್ಕೆ ಸುಲಭ. ನೀನು ಅವರ ಕೈಯಿಂದ ಊಟ ಮಾಡಿದವ. ಇನ್ನು ನಿನ್ನನ್ನು ಬೈಯಬೇಕು, ಅದು ಅವರಿಂದ ಆಗುದಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡು ಕೂರ್ತಾರೆ."

ನಾನು ಬಸ್ಸಿನ ದಾರಿ ನೋಡಿದೆ.

"ನಿನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಆಗಲಿಲ್ಲ ಅಷ್ಟೇ, ಬೋಸ. ನಿನ್ನ ಕೆಲಸ ಮುಗಿಯಬೇಕಿತ್ತು. ಅಲ್ಲಿಯೂ ಹಾಗೆಯೇ, ಇಲ್ಲಿಯೂ ಹಾಗೆಯೇ."

ಬಸ್ಸು ಬರುವುದು ಕಾಣಿಸಿತು. ಅವನು ಕೈ ಅಡ್ಡ ಹಿಡಿದು ನಿಲ್ಲಿಸಿದ. ನಾನು ಹತ್ತಿದೆ. ಕಂಡಕ್ಟರು ಎಲ್ಲಿಗೆಂದು ಎರಡು ಸಲ ಕೇಳಬೇಕಾಯಿತು.